ಗೋಡೆಗೆ ಮುಖ ಮಾಡಿದ ಕುರ್ಚಿ

ಆ ಬೀದಿಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಗಿರಾಕಿ ತನ್ನ ಫೋನಿನ ಲಾಕ್ ತೆರೆಯುವಾಗ ಅಂಗಡಿಯಾಕೆ ಕುರ್ಚಿಯನ್ನು ಗರಕ್ಕನೆ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂರುತ್ತಾಳೆ. ಗಿರಾಕಿ ‘ಆಯ್ತು’ ಎಂದ ಮೇಲೆಯೇ ಇತ್ತ ತಿರುಗುವುದು. ಹೊಸಬರು ಇದನ್ನು ಕಂಡು ನಗುತ್ತಾರೆ. ಹಳಬರು ನಗುವುದಿಲ್ಲ. ಯಾಕೆ ಹೀಗೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಹೇಳುತ್ತಾರೆ. ಎದುರಿನ ಟೈಲರ್ ಹೇಳುವ ಕಥೆಯಲ್ಲಿ ಕಣ್ಣೀರು ಹೆಚ್ಚು. ನಿವೃತ್ತ ಅಂಚೆಯವನಾದ ಪೋಸ್ಟ್ ಮಾವ ಹೇಳುವುದರಲ್ಲಿ ಉಪದೇಶ ಹೆಚ್ಚು. ಇಬ್ಬರ ಮಾತೂ ಒಂದಾಗುವ ಕಡೆಗಳನ್ನಷ್ಟೇ ಹಿಡಿದು ಹೋದರೆ ಕಥೆ ಹೀಗಿದೆ.

ಅಂಗಡಿಯಾಕೆಗೆ ಬೀದಿಯವರು ಇಟ್ಟ ಹೆಸರು ಚಿಮಟದಕ್ಕ. ತಂದೆ ಗಡಿಯಾರ ರಿಪೇರಿ ಮಾಡುತ್ತಿದ್ದ ಮೇಜಿನ ಮೇಲೆಯೇ, ಅವರದೇ ಭೂತಗನ್ನಡಿಯನ್ನು ಕಣ್ಣಿಗೇರಿಸಿಕೊಂಡು, ಅವರದೇ ಚಿಮಟ ಹಿಡಿದು ಆಕೆ ಫೋನುಗಳ ಹೊಟ್ಟೆ ಬಗೆಯುತ್ತಿದ್ದಳು. ಕೈಗುಣ ಒಳ್ಳೆಯದು, ನಾಲಿಗೆ ಅದಕ್ಕಿಂತ ಒಳ್ಳೆಯದು ಎಂಬ ಮಾತಿತ್ತು. ಅಲ್ಲಿ ಕೇಳಿದ್ದನ್ನು ಇಲ್ಲಿ, ಇಲ್ಲಿ ಕಂಡದ್ದನ್ನು ಅಲ್ಲಿ ಆಡಿದವಳಲ್ಲ.

ಅವಳ ಅಂಗಡಿಯಲ್ಲಿ ಒಂದು ಕ್ರಮವಿತ್ತು. ಫೋನು ಒಳಗೆ ಬಂದ ಕೂಡಲೇ ಅಂಗೈಯಗಲದ ಒಂದು ಚೀಟಿ. ಅದರಲ್ಲಿ ಹೆಸರು, ಏನು ಕೆಟ್ಟಿದೆ ಎಂಬುದು, ಕೆಳಗೆ ರಬ್ಬರ್ ಮುದ್ರೆಯಲ್ಲಿ ಒತ್ತಿದ ಒಂಬತ್ತು ಚುಕ್ಕಿ. ಗಿರಾಕಿ ತನ್ನ ಲಾಕಿನ ಗೆರೆಯನ್ನು ಆ ಚುಕ್ಕಿಗಳ ಮೇಲೆ ಎಳೆಯಬೇಕು. ಅಂಕಿಯ ಲಾಕಾದರೆ ಪಕ್ಕದಲ್ಲಿ ಬರೆಯಬೇಕು. ಗಾಜು ಬದಲಿಸಿದ ಮೇಲೆ ಸ್ಪರ್ಶ, ಸದ್ದು, ಕ್ಯಾಮೆರಾ ಎಲ್ಲವನ್ನೂ ಪರೀಕ್ಷಿಸಲು ಫೋನು ತೆರೆಯಲೇಬೇಕಲ್ಲ. ಇದು ಎಲ್ಲ ಅಂಗಡಿಗಳಲ್ಲೂ ಇದ್ದದ್ದೇ. ಆದರೆ ಬೇರೆಯವರು ಆ ಚೀಟಿಗಳನ್ನು ತಂತಿಗೆ ಪೋಣಿಸಿ ವರ್ಷಗಟ್ಟಲೆ ನೇತುಹಾಕುತ್ತಿದ್ದರು. ಚಿಮಟದಕ್ಕ ಹಾಗೆ ಮಾಡುತ್ತಿರಲಿಲ್ಲ. ಕೆಲಸ ಮುಗಿದೊಡನೆ ಚೀಟಿಯನ್ನು ಫೋನಿನ ಬೆನ್ನಿಗೆ ಟೇಪಿನಿಂದ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಹಿಂದಿರುಗಿಸುತ್ತಿದ್ದಳು. “ನನ್ನ ಅಂಗಡೀಲಿ ಒಬ್ಬರ ಲಾಕೂ ಉಳಿಯಲ್ಲ” ಎಂದು ಹೇಳುವಾಗ ಅವಳ ಕತ್ತು ಸ್ವಲ್ಪ ನೆಟ್ಟಗಾಗುತ್ತಿತ್ತು.

ಅಂಗಡಿಯ ಮುಂದಿನ ಬೆಂಚಿನಲ್ಲಿ ದಿನವೂ ಸಭೆ. ಪೋಸ್ಟ್ ಮಾವನಿಗೆ ಜಗತ್ತೆಲ್ಲ ಅಂಟು ಬಿಟ್ಟ ಲಕೋಟೆಯಂತೆ ಕಾಣುತ್ತಿತ್ತು. ಮನೆಯಲ್ಲಿ ಹಾಸಿಗೆ ಹಳೆಯದಾಯಿತೆಂದು ಹೆಂಡತಿ ಅಂದದ್ದೇ ತಡ, ಫೋನು ಹಾಸಿಗೆಯ ಜಾಹೀರಾತು ತೋರಿಸಿತೆಂದು ಅವರು ವಾರವಿಡೀ ಹೇಳಿದ್ದರು. ಜಾಲತಾಣಗಳಲ್ಲಿ ಖಾತೆ ತೆರೆಯಲು ಗುರುತಿನ ಚೀಟಿ ಕಡ್ಡಾಯ ಮಾಡುವ ಹೊಸ ಕಾನೂನು ಬರುತ್ತದಂತೆ ಎಂಬ ಸುದ್ದಿಯ ಮೇಲೆ ಟೈಲರಿಗೂ ಅವರಿಗೂ ಎರಡು ದಿನ ಮಾತು ಬಿಟ್ಟಿತ್ತು. ಮುಚ್ಚಿಡುವಂಥದ್ದು ಏನೂ ಇಲ್ಲದವನಿಗೆ ಹೆದರಿಕೆಯೇಕೆ ಎಂಬುದು ಟೈಲರನ ವಾದ. ಹಾಗಿದ್ದರೆ ನಿನ್ನ ಅಂಗಡಿಯ ಅಳತೆ ಪುಸ್ತಕವನ್ನು ಬೀದಿಗೆ ತಂದಿಡು, ಯಾರ ಸೊಂಟ ಎಷ್ಟೆಂದು ಎಲ್ಲರೂ ನೋಡಲಿ ಎಂದು ಮಾವ. ಇವರ ನಡುವೆ ಪಾಸ್‌ವರ್ಡ್ ಮೇಷ್ಟ್ರು: ಕಳ್ಳರಿಗೆ ಸಿಗಬಾರದೆಂದು ಸೋಮವಾರ ಸೋಮವಾರ ಪಾಸ್‌ವರ್ಡ್ ಬದಲಿಸಿ, ಮಂಗಳವಾರ ಮಂಗಳವಾರ ಅದನ್ನು ಮರೆತು ಅಂಗಡಿಗೆ ಬರುವವರು. ದೂರದ ಕಂಪನಿಗಳನ್ನೂ ಸರ್ಕಾರವನ್ನೂ ಹೀಗೆ ತರಾಟೆಗೆ ತೆಗೆದುಕೊಂಡವರೇ, ತಮ್ಮ ಫೋನು ಕೆಟ್ಟಾಗ ಒಂಬತ್ತು ಚುಕ್ಕಿಯ ಮೇಲೆ ಗೆರೆ ಎಳೆದು, ಚೀಟಿಯನ್ನು ಬೋರಲು ಹಾಕುವ ಗೋಜಿಗೂ ಹೋಗದೆ ಎದ್ದು ಹೋಗುತ್ತಿದ್ದರು. ಚಿಮಟದಕ್ಕನಿಗೂ ಅದರಲ್ಲಿ ವಿಶೇಷವೇನೂ ಕಂಡಿರಲಿಲ್ಲ.

ಬೀದಿಯ ಕೊನೆಯ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಹುಡುಗಿಯ ಫೋನು ಒಮ್ಮೆ ಕೈಜಾರಿ ಬಿದ್ದು ಗಾಜು ಒಡೆಯಿತು. ಮಾರನೆಯ ದಿನ ಅದನ್ನು ಒಯ್ಯಲು ಬಂದವನು ಅವಳ ಅಣ್ಣ. ಮೂಲೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದ ಅವನನ್ನು ಎಲ್ಲರೂ ಕನ್ನಡಕದಣ್ಣ ಎನ್ನುತ್ತಿದ್ದರು. ಬಹಳ ಮೃದು. ಮುದುಕರ ಮೂಗಿನ ಮೇಲೆ ಕನ್ನಡಕ ಕೂರಿಸುವಾಗ ಉಸಿರು ಸಹ ಬಿಗಿಹಿಡಿಯುವಂಥವನು. ಅಪ್ಪ ಹೋದ ಮೇಲೆ ತಂಗಿಯನ್ನು ಓದಿಸಿದ್ದು ಅವನೇ. ಚಿಮಟದಕ್ಕ ಎರಡನೆಯ ಯೋಚನೆ ಮಾಡಲಿಲ್ಲ. ಚೀಟಿ ಅಂಟಿಸಿ, ಹೆಬ್ಬೆರಳಿನಿಂದ ಒತ್ತಿ, ಅವನ ಕೈಗೆ ಕೊಟ್ಟಳು.

ಮೂರು ವಾರ ಕಳೆಯಿತು. ಒಂದು ಮಂಗಳವಾರ, ಮಧ್ಯಾಹ್ನದ ಊಟದ ಹೊತ್ತಿಗೆ ಬೆಂಚು ಖಾಲಿಯಾಗಿದ್ದಾಗ ಲ್ಯಾಬಿನ ಹುಡುಗಿ ಬಂದಳು. ಬಿಳಿ ಕೋಟು ಬಿಚ್ಚಿರಲಿಲ್ಲ. ಕಣ್ಣು ಊದಿಕೊಂಡಿತ್ತು.

“ಅಕ್ಕಾ, ನಾನಿಲ್ಲದಾಗ ಫೋನ್ ಯಾರು ತೆಗೆದ್ರು ಅಂತ ಫೋನೇ ಹೇಳುತ್ತಾ?”

ಕೂರಿಸಿ ಕೇಳಿದಾಗ ಸಂಗತಿ ಹೊರಬಿತ್ತು. ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಮನೆಯಲ್ಲಿ ಹೇಳಿರಲಿಲ್ಲ; ಹೇಳಿದರೆ ಅಣ್ಣ ಬೇಡ ಎನ್ನುವುದಿಲ್ಲ, ‘ನಿನ್ನಿಷ್ಟ’ ಎನ್ನುತ್ತಾನೆ, ಆಮೇಲೆ ಅದು ಹೇಗೋ ಆಗದೇ ಹೋಗುತ್ತದೆ. ಓದಿನಲ್ಲೂ ಒಮ್ಮೆ ಹಾಗಾಗಿತ್ತು. ಆದ್ದರಿಂದ ಸೇರುವ ದಿನ ಗೊತ್ತಾದ ಮೇಲೆಯೇ ಬಾಯಿ ಬಿಡೋಣವೆಂದು ಕಾದಿದ್ದಳು. ಆ ದಿನ ಕೇಳಲೆಂದು ಆಸ್ಪತ್ರೆಗೆ ಫೋನು ಮಾಡಿದರೆ, ಮನೆಯ ಕಾರಣದಿಂದ ಬರಲಾಗದೆಂದು ನೀವೇ ಸೋಮವಾರ ಬೆಳಿಗ್ಗೆ ಮೇಲ್ ಕಳಿಸಿದ್ದೀರಲ್ಲ ಎಂದರಂತೆ. ಅವಳ ಫೋನಿನಲ್ಲಿ ಅಂಥ ಮೇಲ್‌ನ ಸುಳಿವೇ ಇರಲಿಲ್ಲ.

ಸೋಮವಾರ ಅವಳಿಗೆ ಆರು ಗಂಟೆಯ ಪಾಳಿ. ಬರಿಹೊಟ್ಟೆಯಲ್ಲಿ ರಕ್ತ ಕೊಡುವವರು ಬೆಳಗಾಗುವ ಮುಂಚೆಯೇ ಸಾಲು ನಿಲ್ಲುತ್ತಾರೆ. ಗಡಿಬಿಡಿಯಲ್ಲಿ ಚಾರ್ಜಿಗೆ ಹಾಕಿದ ಫೋನನ್ನು ಮನೆಯಲ್ಲೇ ಮರೆತಿದ್ದಳು. ಒಂಬತ್ತಕ್ಕೆ ಬರುವ ಗೆಳತಿ, ಅದೇ ಲ್ಯಾಬಿನವಳು, ದಾರಿಯಲ್ಲಿ ಮನೆಗೆ ಹೋಗಿ ಅತ್ತಿಗೆಯ ಕೈಯಿಂದ ಅದನ್ನು ಇಸಿದುಕೊಂಡು ಬಂದಿದ್ದಳು. ಹುಡುಗಿ ಕೈಗವಸು ಹಾಕಿಕೊಂಡಿರುವಾಗ ಫೋನು ಬಂದರೆ ತೆಗೆದುಕೊಡುವವಳು ಈ ಗೆಳತಿಯೇ. ಲಾಕು ಗೊತ್ತಿದ್ದದ್ದು ಅವಳೊಬ್ಬಳಿಗೇ. ಅದೇ ಆಸ್ಪತ್ರೆಗೆ ಅವಳೂ ಅರ್ಜಿ ಹಾಕಿದ್ದಳು. ಪಟ್ಟಿಯಲ್ಲಿ ಮುಂದಿನ ಹೆಸರು ಅವಳದು.

“ನೀವು ಬರೆದದ್ದಲ್ಲ ಅನ್ನೋದಾದ್ರೆ ಗುರುವಾರ ಸಂಜೆಯೊಳಗೆ ಏನಾದ್ರೂ ಆಧಾರ ಕೊಡಿ, ಇಲ್ಲದಿದ್ರೆ ಕೆಲಸ ಮುಂದಿನವರಿಗೆ ಅಂದ್ರು” ಎಂದಳು ಹುಡುಗಿ. “ಆರು ವರ್ಷದ ಸ್ನೇಹ ಅಕ್ಕಾ. ಒಂದೇ ಡಬ್ಬೀಲಿ ಊಟ ಮಾಡಿದವರು.”

ಚಿಮಟದಕ್ಕ ಫೋನನ್ನು ಕೈಗೆ ತೆಗೆದುಕೊಂಡಳು. ಅಳಿಸಿದ ಮೇಲ್‌ಗಳು ಮೂವತ್ತು ದಿನ ಬಿದ್ದಿರುವ ಬುಟ್ಟಿಯೊಂದು ಒಳಗಿರುತ್ತದೆ. ಬಹಳ ಜನ ಅದರ ಕಡೆ ನೋಡುವುದೇ ಇಲ್ಲ. ತೆರೆದಳು. ಮೇಲ್ ಅಲ್ಲಿತ್ತು. ನಯವಾದ ನಾಲ್ಕು ಸಾಲು, ಒಂದು ತಪ್ಪಿಲ್ಲ. ಸೋಮವಾರ, ಬೆಳಿಗ್ಗೆ ಆರು ಇಪ್ಪತ್ತೆರಡು.

ಆ ಹೊತ್ತಿನಲ್ಲಿ ಹುಡುಗಿ ಲ್ಯಾಬಿನಲ್ಲಿದ್ದಳು. ಗೆಳತಿ ಇನ್ನೂ ಅವಳ ಮನೆಯ ಬಾಗಿಲಿಗೇ ಬಂದಿರಲಿಲ್ಲ. ಫೋನು ಇದ್ದದ್ದು ಅಣ್ಣನ ಮನೆಯಲ್ಲಿ. ಆದರೆ ಮನೆಯವರಿಗೆ ಲಾಕು ಎಲ್ಲಿಂದ ಗೊತ್ತು ಎಂದುಕೊಂಡಳು ಚಿಮಟದಕ್ಕ. ಕಣ್ಣ ಮುಂದೆ ಬಂದದ್ದು ಕನ್ನಡಕದಣ್ಣನ ಮುಖವಲ್ಲ, ತನ್ನದೇ ಹೆಬ್ಬೆರಳು. ಟೇಪಿನ ಕೆಳಗೆ ನೀಲಿ ಶಾಯಿಯಲ್ಲಿ ಎಳೆದ ಗೆರೆ, ಅದರ ಮೇಲೆ ಒತ್ತುತ್ತಿರುವ ಹೆಬ್ಬೆರಳು.

ಮೇಲ್ ಹೋದ ಗಂಟೆಯನ್ನು ಹೇಳಬೇಕೆಂದರೆ ಚೀಟಿಯ ವಿಷಯವನ್ನೂ ಹೇಳಬೇಕು. ಅದನ್ನು ಹೇಳಿದರೆ ನಾಳೆಯಿಂದ ಈ ಮೇಜಿನ ಮೇಲೆ ಯಾರು ಫೋನು ಇಡುತ್ತಾರೆ? ಒಂದು ಮನೆಯ ಅಣ್ಣ ತಂಗಿಯ ನಡುವೆ ಕೊಳ್ಳಿ ಇಟ್ಟವಳು ಎಂಬ ಮಾತು ಬೇರೆ. ಇವೆಲ್ಲ ಅವಳ ತಲೆಯಲ್ಲಿ ಹಾದುಹೋಗಲು ಒಂದು ಸ್ಕ್ರೂ ಬಿಚ್ಚುವಷ್ಟು ಹೊತ್ತೂ ಹಿಡಿಯಲಿಲ್ಲ. ಬುಟ್ಟಿಯನ್ನು ಮುಚ್ಚಿದಳು.

“ಫೋನ್ ಅದನ್ನೆಲ್ಲ ಹೇಳಲ್ಲಮ್ಮ” ಎಂದಳು. ಲಾಕು ಬದಲಿಸಿಕೋ ಎಂದು ಬುದ್ಧಿವಾದವನ್ನೂ ಸೇರಿಸಿದಳು.

ಬುಧವಾರ ಬೆಂಚಿನವರ ಬಾಯಲ್ಲಿ ಅದೇ ಸುದ್ದಿ. ಲ್ಯಾಬಿನ ಹುಡುಗಿ ಗೆಳತಿಯನ್ನು ರೋಗಿಗಳ ಸಾಲಿನೆದುರೇ ಕಳ್ಳಿ ಎಂದಳಂತೆ. ಗೆಳತಿ ಕೈಗವಸು ಕಳಚಿ ಮೇಜಿನ ಮೇಲಿಟ್ಟು ಹೊರಟುಹೋದಳಂತೆ. ಸ್ನೇಹಿತರಿಗೂ ಲಾಕು ಹೇಳಬಾರದೆಂದು ಪಾಸ್‌ವರ್ಡ್ ಮೇಷ್ಟ್ರು ಬೆರಳೆತ್ತಿ ತೀರ್ಪು ಕೊಟ್ಟರು. ಎಲ್ಲರೂ ಹೌದೆಂದು ತಲೆಯಾಡಿಸಿದರು. ಚಿಮಟದಕ್ಕನಿಗೆ ಆ ದಿನ ಮೂರು ಸಲ ಸಣ್ಣ ಸ್ಕ್ರೂ ಕೈತಪ್ಪಿ ನೆಲಕ್ಕೆ ಬಿತ್ತು. ಗುರುವಾರ ಗಡಿಯಾರ ನೋಡದಿರಲು ಶತಪ್ರಯತ್ನ ಮಾಡಿದಳು. ಬಿಸಿಲು ಟೈಲರನ ಅಂಗಡಿಯ ಮೆಟ್ಟಿಲಿನಿಂದ ಇಳಿದು, ಬೀದಿ ದಾಟಿ, ಗೋಡೆ ಹತ್ತಿ, ಮಾಯವಾಯಿತು. ಸಂಜೆಯಾಗಿತ್ತು. ಅಣ್ಣನೇ ಇರಲಾರ, ಅತ್ತಿಗೆಯೇ ಇರಬಹುದು, ಇಲ್ಲವೇ ತಾನು ಗಂಟೆಯನ್ನು ತಪ್ಪಾಗಿ ನೋಡಿರಬಹುದು ಎಂದು ಅವಳು ತನಗೆ ತಾನೇ ಸಮಾಧಾನ ಹೇಳಿಕೊಂಡಳು.

ಶುಕ್ರವಾರ ಬೆಳಿಗ್ಗೆ ಕನ್ನಡಕದಣ್ಣ ಬಂದ. ಅವನ ಫೋನಿನ ಗಾಜಿನ ಮೂಲೆ ಸೀಳಿತ್ತು. ಎಂದಿನಂತೆ ಎಲ್ಲರನ್ನೂ ಮಾತಾಡಿಸಿದ. ಪೋಸ್ಟ್ ಮಾವನ ಕನ್ನಡಕದ ಸಡಿಲ ಕಡ್ಡಿಯನ್ನು ನಿಂತಲ್ಲೇ ಬಿಗಿದುಕೊಟ್ಟ. ಚಿಮಟದಕ್ಕ ಅಭ್ಯಾಸದಂತೆ ಚೀಟಿಗೆ ಚುಕ್ಕಿಯ ಮುದ್ರೆ ಒತ್ತಿ ಅವನ ಮುಂದೆ ಸರಿಸಿದಳು. ಅವನು ಹೆಸರು ಬರೆದ. ‘ಗಾಜು’ ಎಂದು ಬರೆದ. ಪೆನ್ನಿನ ಮುಚ್ಚಳ ಹಾಕಿದ. ಚುಕ್ಕಿಗಳನ್ನು ಮುಟ್ಟಲಿಲ್ಲ.

“ಲಾಕು?” ಎಂದಳು ಅವಳು.

“ಅದು ಬೇಡಕ್ಕಾ. ಕೆಲಸ ಆದ್ಮೇಲೆ ಹೇಳಿ, ನಾನೇ ಬಂದು ತೆಗೆದುಕೊಡ್ತೀನಿ.” ಮುಗುಳ್ನಕ್ಕ. “ಚೀಟಿ ಯಾರ ಕೈಗೆ ಹೋಗುತ್ತೋ ಏನೋ. ಕಾಲ ಸರಿಯಿಲ್ಲ ನೋಡಿ.”

ಬೆಂಚಿನ ಮೇಲಿಂದ ಮೇಷ್ಟ್ರು “ಅದು ಜಾಣತನ ಅಂದ್ರೆ” ಎಂದು ತೊಡೆ ತಟ್ಟಿದರು. ಇಷ್ಟು ವರ್ಷಗಳಲ್ಲಿ ಆ ಚೀಟಿಗೆ ಹೆದರಿದ ಮೊದಲ ಗಿರಾಕಿ ಅವನೇ. ಆ ಚೀಟಿಯಿಂದ ಏನೇನು ಮಾಡಬಹುದೆಂದು ಕಂಡವನೂ ಬಹುಶಃ ಅವನೊಬ್ಬನೇ. ಚಿಮಟದಕ್ಕ ಅವನ ಫೋನನ್ನು ಅವನ ಕಡೆಗೇ ತಳ್ಳಿದಳು. ಆ ಗಾಜು ತನ್ನಲ್ಲಿಲ್ಲ ಎಂದಳು. ಗಾಜು ಅವಳ ಬೆನ್ನ ಹಿಂದಿನ ಕಪಾಟಿನಲ್ಲಿ, ಎಲ್ಲರ ಕಣ್ಣಿಗೂ ಕಾಣುವಂತೆಯೇ ಇತ್ತು.

ಅವನು ಅತ್ತ ಹೋದೊಡನೆ ಅವಳು ಅಂಗಡಿಯನ್ನು ಬೆಂಚಿನವರಿಗೆ ಬಿಟ್ಟು ಲ್ಯಾಬಿಗೆ ನಡೆದಳು. ರಕ್ತ ತೆಗೆದುಕೊಳ್ಳುವ ಕಿಟಕಿಯಲ್ಲಿ ಹುಡುಗಿ ಒಬ್ಬಳೇ ಕೂತಿದ್ದಳು. ಪಕ್ಕದ ಸ್ಟೂಲು ಖಾಲಿ. ಚಿಮಟದಕ್ಕ ನಿಂತೇ ಎಲ್ಲವನ್ನೂ ಹೇಳಿದಳು: ಚೀಟಿ, ಟೇಪು, ಬುಟ್ಟಿ, ಆರು ಇಪ್ಪತ್ತೆರಡು. ಏನನ್ನೂ ಬಿಡಲಿಲ್ಲ. ಎಲ್ಲಿ ಬೇಕೆಂದರೆ ಅಲ್ಲಿ ಬರೆದು ಸಹಿ ಹಾಕಿಕೊಡುತ್ತೇನೆ ಎಂದಳು.

ಹುಡುಗಿ ಕೈಯಲ್ಲಿದ್ದ ಗಾಜಿನ ನಳಿಕೆಯನ್ನು ಅದರ ಗೂಡಿನಲ್ಲಿ ನಿಲ್ಲಿಸಿದಳು. ಅದರ ಮೇಲಿನ ಹೆಸರನ್ನು ಒಮ್ಮೆ ಓದಿಕೊಂಡಳು. ಆಮೇಲೆ ಕೇಳಿದಳು:

“ಮಂಗಳವಾರಾನೇ ನೋಡಿದ್ರಾ?”

“ಹೂಂ.”

“ನಿನ್ನೆ ಸಂಜೆವರೆಗೂ ಟೈಮ್ ಇತ್ತು.”

ಹುಡುಗಿ ಅಳಲೂ ಇಲ್ಲ, ಬೈಯಲೂ ಇಲ್ಲ. ಗೆಳತಿ ತನ್ನ ನಂಬರನ್ನು ಬ್ಲಾಕ್ ಮಾಡಿದ್ದಾಳೆ, ನಿಮ್ಮ ಫೋನಿನಿಂದ ಮಾಡಿ ಎಂದು ನಂಬರು ಹೇಳಿದಳು, ನೋಡದೆ, ಬಾಯಿಪಾಠವಾಗಿ. ಆ ಕಡೆಯವಳಿಗೆ ಚಿಮಟದಕ್ಕ ಎಲ್ಲವನ್ನೂ ಮತ್ತೊಮ್ಮೆ ಹೇಳಿದಳು. ಎರಡನೆಯ ಸಲ ಹೇಳುವಾಗ ಅದು ಇನ್ನೂ ಚಿಕ್ಕದಾಗಿತ್ತು, ಇನ್ನೂ ಕೆಟ್ಟದಾಗಿತ್ತು. ನಿನ್ನೆ ಸಂಜೆಯೇ ಆ ಕೆಲಸಕ್ಕೆ ಸಹಿಯಾಯಿತು, ಮುಂದಿನ ವಾರ ಹೋಗುತ್ತಿದ್ದೇನೆ ಎಂದಳು ಗೆಳತಿ. ಆಮೇಲೆ ಅಂದಳು:

“ಕಳ್ಳಿ ಅನ್ನೋಕ್ಕೆ ಮುಂಚೆ ಅವಳಿಗೆ ಒಂದು ಸಲ ನನ್ನನ್ನೇ ಕೇಳೋಣ ಅನ್ನಿಸಲಿಲ್ವಾ?”

ಕಿಟಕಿಯ ಸುತ್ತ ಎಷ್ಟು ನಿಶ್ಶಬ್ದವಿತ್ತೆಂದರೆ ಆ ಮಾತು ಫೋನಿನಿಂದ ಹೊರಗೆ ಕೇಳಿಸಿತು. ಹುಡುಗಿ ಉತ್ತರ ಹೇಳಲು ಫೋನಿಗೆ ಕೈ ಚಾಚಿದಳು. ಅಷ್ಟರಲ್ಲಿ ಕರೆ ಕಡಿದಿತ್ತು.

ಮುಂದೆ ಆದದ್ದನ್ನು ಬೀದಿಯವರು ಬೇಗ ಬೇಗ ಹೇಳಿ ಮುಗಿಸುತ್ತಾರೆ. ಹುಡುಗಿ ಅಣ್ಣನ ಮನೆ ಬಿಟ್ಟು, ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳ ವಸತಿಗೃಹದಲ್ಲಿ ಒಂದು ಮಂಚ ಹಿಡಿದಳು. ಕೆಲಸ ಅದೇ ಲ್ಯಾಬು, ಅದೇ ಕಿಟಕಿ. ಕನ್ನಡಕದಣ್ಣ ಎಲ್ಲರೊಡನೆಯೂ ಹೇಳಿದ್ದು ಒಂದೇ ಮಾತು: ಅವಳ ಒಳ್ಳೆಯದಕ್ಕೇ. ಜನ ಅವನಲ್ಲಿ ಕನ್ನಡಕ ಕೊಳ್ಳುವುದನ್ನು ಬಿಡಲಿಲ್ಲ. ಚಿಮಟದಕ್ಕ ಹೆದರಿದ್ದಂತೆ ಅವಳ ಅಂಗಡಿಯೂ ಮುಚ್ಚಲಿಲ್ಲ. ನಾಲ್ಕು ದಿನ ಆಡಿಕೊಂಡು ಜನ ಮರೆತರು. ಅಷ್ಟು ಅಗ್ಗದ ಭಯಕ್ಕೆ ಬಾಯಿ ಮುಚ್ಚಿದ್ದೆನಲ್ಲ ಎಂಬುದು ಅವಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಚುಕ್ಕಿಯ ಮುದ್ರೆಯನ್ನು ಒಲೆಗೆ ಹಾಕಿದಳೆಂದು ಟೈಲರ್ ಹೇಳುತ್ತಾನೆ. ಈಗಲೂ ಮೇಜಿನ ಡ್ರಾಯರಿನಲ್ಲಿದೆ ಎಂದು ಪೋಸ್ಟ್ ಮಾವ. ಅಂತೂ ಚೀಟಿ ನಿಂತಿತು, ತಿರುಗುವ ಕುರ್ಚಿ ಬಂತು. ಗಿರಾಕಿ ಎದುರಿಗೇ ಕೂತು ತಾನೇ ಲಾಕು ತೆಗೆಯಬೇಕು. ಕಾದು ಕೂರಲು ಪುರುಸೊತ್ತಿಲ್ಲ, ಬರೆದುಕೋ ಎಂದು ಬೈದವರೇ ಹೆಚ್ಚು. ಮೊದಲು ಬೈದವರು ಪಾಸ್‌ವರ್ಡ್ ಮೇಷ್ಟ್ರು.

ಏಳೆಂಟು ತಿಂಗಳ ನಂತರ ಲ್ಯಾಬಿನ ಹುಡುಗಿಯ ಫೋನು ಚಾರ್ಜಾಗುವುದು ನಿಂತಿತು. ಎರಡು ಅಂಗಡಿಗಳಲ್ಲಿ ಆಗುವುದಿಲ್ಲ ಎಂದಮೇಲೆ ಇಲ್ಲಿಗೆ ಬಂದಳು. ಚಿಮಟದಕ್ಕ ಚಿಮಟ ಹಿಡಿದು ತುಕ್ಕು ಕೆರೆದಳು, ತಂತಿ ಬೆಸೆದಳು, ಫೋನನ್ನು ಮೇಜಿನ ಮೇಲೆ ಅವಳ ಕಡೆಗೆ ಸರಿಸಿದಳು. ಆಮೇಲೆ ಕುರ್ಚಿ ತಿರುಗಿಸಿ ಗೋಡೆ ನೋಡುತ್ತ ಕೂತಳು. ಗೋಡೆಯಲ್ಲಿ ತಂದೆಯ ಕಾಲದ ಮೊಳೆಯ ತೂತೊಂದಿದೆ. ಕಣ್ಣು ಅಲ್ಲೇ ನೆಟ್ಟಿತು.

ಬೆನ್ನ ಹಿಂದೆ ಸದ್ದಿಲ್ಲ. ಬಹಳ ಹೊತ್ತಾಯಿತು. ಒಂದು ಗೆರೆ ಎಳೆಯಲು ಬೇಕಾಗುವುದಕ್ಕಿಂತ ಬಹಳ ಹೆಚ್ಚು ಹೊತ್ತು.

ಮೊದಲಾಗಿದ್ದರೆ ಆ ಹುಡುಗಿಯ ಮಾತು ‘ಅಕ್ಕಾ’ ಎಂದು ಶುರುವಾಗಿ ‘ಅಕ್ಕಾ’ ಎಂದೇ ಮುಗಿಯುತ್ತಿತ್ತು. ಚಿಮಟದಕ್ಕ ಕಿವಿಯಾಗಿ ಕಾದಳು.

“ಆಯ್ತು” ಎಂದಳು ಹುಡುಗಿ. “ತಿರುಗಿ.”