ತೊಳೆಯದ ತೊಗಲು

ಮಂಜೆಂದರೆ ಸಮುದ್ರದಿಂದ ಎದ್ದು ಬರುವ ಹಸು, ಬೆಟ್ಟದ ಮರಗಳು ಅದರ ಹಾಲು ಕರೆದುಕೊಳ್ಳುತ್ತವೆ ಎಂದು ನಮ್ಮ ದೋಫಾರ್ ಬೆಟ್ಟಸೀಮೆಯ ಅಜ್ಜಿಯರು ಹೇಳುತ್ತಾರೆ. ಆ ವರ್ಷ ಆ ಹಸು ತಡವಾಗಿ ಬಂತು. ಅತ್ತಿಮರದ ಎಲೆಗಳು ತೊಟ್ಟಿಕ್ಕತೊಡಗಿದ್ದರೂ ಹುಲ್ಲು ಮೊಳೆತಿರಲಿಲ್ಲ. ತುಫೂಲಳ ದನಗಳು ಒಣ ಬೂತಾಯಿ ಮೀನು ಜಗಿದುಕೊಂಡು ದಿನ ದೂಡುತ್ತಿದ್ದವು. ಅಂಥ ಹೊತ್ತಿನಲ್ಲೇ ಚಿರತೆ ಗೋರಂಟಿಯ ಕರುವನ್ನು ಎಳೆದುಕೊಂಡು ಹೋಯಿತು.

ಅಂಗೈಯ ಗೋರಂಟಿ ಮಾಸುವಾಗ ಉಳಿಯುತ್ತದಲ್ಲ, ಆ ಬಣ್ಣದ ಹಸು ಅವಳು. ಆ ಮನೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುತ್ತಿದ್ದವಳು. ಹಿಂದಿನ ಚಳಿಗಾಲದಿಂದೀಚೆಗೆ ಚಿರತೆ ಒಯ್ದ ಮೂರನೆಯ ಕರು ಅವಳದು.

ತುಫೂಲ್‌ಗೆ ಗಂಡನಿಲ್ಲ. ಮನೆಯಲ್ಲಿ ಗಂಡಸೆಂದರೆ ಮಗ ಮಹಾದ್ ಒಬ್ಬನೇ. ಬೆಟ್ಟದ ಮೇಲೆ ಬಂದಿರಲು ಒಪ್ಪುವ ಹುಡುಗಿ ಸಿಗದೆ ಅವನಿಗೆ ಮದುವೆಯೂ ಆಗಿರಲಿಲ್ಲ. ನಮ್ಮಲ್ಲಿ ಹೆಂಗಸು ಹಸುವಿನ ಕೆಚ್ಚಲಿಗೆ ಕೈ ಹಚ್ಚುವಂತಿಲ್ಲ, ಹಚ್ಚಿದರೆ ದನಕ್ಕೆ ಕೇಡು. ಕೆಳಗೆ ಪಟ್ಟಣದ ಕಡೆ ಈಗ ಇದನ್ನೆಲ್ಲ ಯಾರೂ ಎಣಿಸುವುದಿಲ್ಲ. ತುಫೂಲ್ ಎಣಿಸುತ್ತಾಳೆ. ಹಾಗಾಗಿ ಮಹಾದ್ ಇದ್ದರೆ ದನ, ದನ ಇದ್ದರೆ ಬೆಟ್ಟ. ಅವನಿಗೇನಾದರೂ ಆದರೆ ದನಗಳನ್ನು ಮಾರಿ, ಪಟ್ಟಣದಲ್ಲಿರುವ ಮಗಳು ಮುನಾಳ ಮನೆಗೆ ಹೋಗಿ ಮೂರನೆಯ ಮಹಡಿಯಲ್ಲಿ ಕೂರಬೇಕು. ಒಮ್ಮೆ ಹೋಗಿದ್ದವಳು ಒಂದೇ ರಾತ್ರಿಗೆ ವಾಪಸು ಬಂದಿದ್ದಳು. ಬೆಳಗ್ಗೆ ಎದ್ದರೆ ಯಾವ ದನದ ಕೂಗೂ ಕೇಳದ ಜಾಗದಲ್ಲಿ ತಾನು ಬದುಕಿದ್ದೇನೋ ಸತ್ತಿದ್ದೇನೋ ತಿಳಿಯುವುದಿಲ್ಲ ಎಂದಿದ್ದಳು.

ಮುನಾಳ ಗಂಡ ಸುಹೈಲ್ ಸರ್ಕಾರದ ಚಿರತೆ ಕಾವಲುಗಾರ. ಮರಗಳಿಗೆ ಕ್ಯಾಮೆರಾ ಕಟ್ಟುವುದು, ಹೆಜ್ಜೆ ಹುಡುಕುವುದು, ಬೆಟ್ಟದವರಿಗೆ ಕಾನೂನು ನೆನಪಿಸುವುದು ಅವನ ಕೆಲಸ. ಚಿರತೆಯನ್ನು ಕೊಂದವನಿಗೆ ಜೈಲು, ಅದರಲ್ಲಿ ಮಾತಿಲ್ಲ. ಅವನು ಬಂದಾಗಲೆಲ್ಲ ತುಫೂಲ್ ಕೆಣಕುತ್ತಿದ್ದಳು.

"ನಿನ್ನ ಇನ್ನೊಬ್ಬಳು ಅತ್ತೆ, ಆ ಚುಕ್ಕೆಯವಳು, ಚೆನ್ನಾಗಿದ್ದಾಳೇನಪ್ಪ? ಅವಳಿಗಾದ್ರೆ ದಿನಾ ಫೋಟೊ ತೆಗೀತೀಯ. ನನ್ನದು ಒಂದೂ ಇಲ್ಲ."

"ಅವಳು ಜಗಳ ಆಡಲ್ಲ ಅತ್ತೆ" ಎನ್ನುತ್ತಿದ್ದ ಸುಹೈಲ್.

ಕರು ಹೋದ ದಿನ ಮಹಾದ್ ರಕ್ತದ ಜಾಡು ಹಿಡಿದು ಕಣಿವೆಗೆ ಇಳಿದ. ಬಂಡೆಯ ಸಂದಿಯಲ್ಲಿ ಕರು ಅರ್ಧ ಉಳಿದಿತ್ತು. ಮಿಕ್ಕದ್ದಕ್ಕೆ ಚಿರತೆ ಮರಳಿ ಬರುತ್ತದೆಂದು ಅವನಿಗೆ ಗೊತ್ತಿತ್ತು. ಎರಡನೆಯ ಕರು ಹೋದಾಗಲೇ ಕೆಳಗಿನ ತೋಟದವರಿಂದ ತಂದಿಟ್ಟುಕೊಂಡಿದ್ದ ವಿಷದ ಹರಳು ಅಂಗಿಯ ಜೇಬಿನಲ್ಲಿತ್ತು. ಮಾಂಸವನ್ನು ಸೀಳಿ ತುಂಬಿದ, ಉಳಿದದ್ದನ್ನು ಮೇಲೆಲ್ಲ ಉದುರಿಸಿದ. ಮಂಜಿನ ಹನಿಗೆ ಹರಳು ಕರಗಿ ಕೂದಲೊಳಗೆ ಇಳಿಯುವುದನ್ನು ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದ. ಮನೆಗೆ ಬಂದು, ಕರುವಿನದು ಏನೂ ಉಳಿದಿಲ್ಲಮ್ಮ, ಎಲುಬೂ ಇಲ್ಲ ಎಂದುಬಿಟ್ಟ. ಅಮ್ಮನಿಗೆ ಹೇಳಿದರೆ ಮುನಾಳಿಗೆ ತಲುಪುತ್ತದೆ, ಮುನಾಳಿಂದ ಸುಹೈಲ್‌ಗೆ.

ಮರುದಿನ ನಸುಕಿನಲ್ಲೇ ಅವನು ಮೀನಿನ ಮೂಟೆ ತರಲು ಸಮುದ್ರದ ಕಡೆ ಇಳಿದ. ಹೋಗುವ ಮುಂಚೆ ಗೋರಂಟಿಯನ್ನು ಕರೆಯಲು ನೋಡಿದ್ದ. ಅವಳು ಹಾಲು ಬಿಡಲಿಲ್ಲ. ಕಣಿವೆಯ ಕಡೆಗೆ ಮುಖ ಮಾಡಿ ಕೂಗಿದಳು, ಕೂಗಿ ಕೂಗಿ ಗಂಟಲು ಕಟ್ಟಿತು, ಕೆಚ್ಚಲು ಕಲ್ಲಾಯಿತು. ಕರು ಸತ್ತಾಗ ಅದರ ತೊಗಲಿಗೆ ಹುಲ್ಲು ತುಂಬಿ ತಾಯಿಯ ಮುಂದೆ ನಿಲ್ಲಿಸುವುದು ನಮ್ಮ ಪದ್ಧತಿ. ತಾಯಿ ಅದನ್ನು ನೆಕ್ಕುತ್ತ ನೆಕ್ಕುತ್ತ ಹಾಲು ಬಿಡುತ್ತಾಳೆ. ಆದರೆ ಇಲ್ಲಿ ತೊಗಲೇ ಇಲ್ಲವಲ್ಲ ಎಂದು ತುಫೂಲ್ ಕೈ ಹಿಸುಕಿಕೊಂಡು ಕೂತಿದ್ದಳು. ಅಷ್ಟರಲ್ಲಿ ಕ್ಯಾಮೆರಾ ನೋಡಲು ಬಂದ ಸುಹೈಲ್ ಚಹಾಕ್ಕೆಂದು ಒಳಬಂದ.

ಕಣಿವೆಯಲ್ಲಿ ಕರು ಕಂಡೆ, ರಾತ್ರಿ ಚಿರತೆ ಬಂದು ತಿಂದುಹೋಗಿದೆ, ಆದರೂ ತೊಗಲು ಬಹುಪಾಲು ಉಳಿದಿದೆ ಎಂದ. ಮಹಾದ್‌ಗೆ ಮಂಜಿನಲ್ಲಿ ಕಂಡಿರಲಿಕ್ಕಿಲ್ಲ ಎಂದುಕೊಂಡಳು ತುಫೂಲ್. ಸುಹೈಲ್ ಹಾಗೆಯೇ ಕಣಿವೆಗಿಳಿದು, ಅಂಟಿದ್ದ ಮಾಂಸ ಕೆರೆದು, ತೊಗಲನ್ನು ಹೆಗಲಿಗೆ ಹಾಕಿಕೊಂಡು ಬಂದ. ಮಣ್ಣಾಗಿದೆ, ತೊಳೀಲಾ ಎಂದು ಕೇಳಿದ.

"ತೊಳೆದ್ರೆ ಮಗುವಿನ ವಾಸನೆ ಹೋಗುತ್ತೆ. ತಾಯಿ ಒಪ್ಪಲ್ಲ. ಹಂಗೇ ಕೊಡು."

ಚಿರತೆಯ ಉಗುರಿನಿಂದ ಹರಿದಲ್ಲೆಲ್ಲ ತುಫೂಲ್ ಹೊಲಿದಳು. ಹುಲ್ಲು ತುಂಬಿದಳು, ಬೆನ್ನಿಗೆ ಉಪ್ಪುನೀರು ಸವರಿದಳು. ಗೋರಂಟಿಯ ಮುಂದೆ ಹಿಡಿದಾಗ ಅವಳು ಮೊದಲು ಮೂಸಿದಳು, ಆಮೇಲೆ ಕೂಗು ನಿಂತಿತು. ಕಣ್ಣು ಅರೆ ಮುಚ್ಚಿ, ಕೊರಳಿನಿಂದ ಬಾಲದವರೆಗೆ ಉದ್ದುದ್ದ ನಾಲಿಗೆಯಲ್ಲಿ ನೆಕ್ಕತೊಡಗಿದಳು. ಸುಹೈಲ್ ಕುಕ್ಕರುಗಾಲಲ್ಲಿ ಕೂತು ಕರೆದ. ಪಾತ್ರೆ ತುಂಬಿ ನೊರೆ ಎದ್ದಿತು.

ಮಹಾದ್ ಮೂಟೆ ಹೊತ್ತು ಬಾಗಿಲಿಗೆ ಬಂದಾಗ ಹಾಲಿನ ಬಟ್ಟಲು ಅಮ್ಮನ ತುಟಿಯ ಹತ್ತಿರವಿತ್ತು. ಅವನು ಬಟ್ಟಲನ್ನಲ್ಲ, ಹಸುವಿನ ಮುಂದಿನ ಕರುವನ್ನು ನೋಡಿದ. ಆ ಎಡಕಿವಿಯ ಬಿಳಿ ಚುಕ್ಕೆ ಅವನಿಗೆ ಗೊತ್ತಿತ್ತು. ಮೂಟೆ ಜಾರಿ ಬಿತ್ತು. ಪಕ್ಕದಲ್ಲೇ ಸುಹೈಲ್ ನಗುತ್ತ ನಿಂತಿದ್ದ.

"ಕುಡೀಬೇಡಮ್ಮ."

"ಯಾಕೋ?"

ಹೇಳಿದರೆ ಜೈಲು. ಹೇಳದಿದ್ದರೆ ಆ ಬಟ್ಟಲು. ಅವನು ಸುಹೈಲ್‌ನ ಮುಖ ನೋಡಿಕೊಂಡೇ ಹೇಳಿದ.

"ಆ ತೊಗಲಿಗೆ ವಿಷ ಹಾಕಿದೀನಿ. ಅದಕ್ಕೆ ಅಂತ. ಚಿರತೆಗೆ ಅಂತ."

ತೊಗಲನ್ನು ಕಿತ್ತುಕೊಳ್ಳಲು ಹೋದರೆ ಗೋರಂಟಿ ಕೊಂಬು ತಿರುಗಿಸಿದಳು. ಎರಡನೆಯ ಸಲ ಕರುವನ್ನು ಬಿಟ್ಟುಕೊಡಲು ಅವಳು ತಯಾರಿರಲಿಲ್ಲ. ಕೊನೆಗೆ ಇಬ್ಬರು ಗಂಡಸರು ಸೇರಿ ಎಳೆದರು. ಗಂಟಲಿಗೆ ಇದ್ದಿಲಿನ ನೀರು ಹೊಯ್ದರು, ತುಪ್ಪ ಹೊಯ್ದರು. ಅವಳ ಬಾಯಿಂದ ನೊರೆ ಇಳಿಯಿತು, ಮೈ ಅದುರಿತು, ಮುಂಗಾಲು ಮಡಿಚಿತು. ತುಫೂಲ್ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮಧ್ಯಾಹ್ನದ ನಮಾಜಿನ ಹೊತ್ತಿಗೆ ಎಲ್ಲ ಮುಗಿದಿತ್ತು.

ಸುಹೈಲ್ ಕಣಿವೆಗೆ ಹೋಗಿ ತಡವಾಗಿ ಬಂದ. ಚಿರತೆ ನೀರಿನ ಗುಂಡಿಯವರೆಗೆ ತೆವಳಿ ಅಲ್ಲೇ ಸತ್ತಿತ್ತು. ಹೆಣ್ಣು, ಮೊಲೆಗಳು ಹಾಲಿನಿಂದ ಬಿಗಿದಿದ್ದವು. ಮರಿಗಳಿಗಾಗಿ ಬಂಡೆ ಬಂಡೆ ತಡಕಿದ್ದ, ಮಂಜಿನಲ್ಲಿ ಸಿಕ್ಕಿರಲಿಲ್ಲ.

"ಮನೆಯೊಳಗಿನ ಮಾತು ಮನೆಯೊಳಗೇ ಇರಲಿ ಸುಹೈಲ್" ಎಂದಳು ತುಫೂಲ್. ಅಷ್ಟು ಮೆತ್ತಗೆ ಅವಳು ಎಂದೂ ಮಾತಾಡಿರಲಿಲ್ಲ.

"ಈ ಬೆಟ್ಟದಲ್ಲಿ ಚಿರತೆ ಉಳಿದಿರೋದೇ ನಾಕಾರು, ಅತ್ತೆ. ಇವಳು ಕಾಣ್ಲಿಲ್ಲ ಅಂದ್ರೆ ಹುಡುಕ್ಕೊಂಡು ಬರ್ತಾರೆ. ನಾನು ಹೇಳ್ದೆ ಇದ್ರೆ ಇನ್ನೊಬ್ಬ ಹೇಳ್ತಾನೆ."

"ಇನ್ನೊಬ್ಬ ಹೇಳ್ಲಿ. ನೀನು ಯಾಕೆ?"

ಮಹಾದ್ ಆಗಲೇ ಕಲ್ಲು ಹೊರುತ್ತಿದ್ದ. ಗೋರಂಟಿಯ ಮಾಂಸವನ್ನು ಹಂಚುವಂತಿರಲಿಲ್ಲ, ಬಯಲಿಗೆ ಎಳೆದು ಬಿಡುವಂತೆಯೂ ಇರಲಿಲ್ಲ, ಬಂಡೆಯ ನೆಲದಲ್ಲಿ ಗುಂಡಿ ತೋಡಲಾಗದು. ಅವಳ ಮೈ ಮುಚ್ಚುವಂತೆ ಕಲ್ಲಿನ ಮೇಲೆ ಕಲ್ಲು ಒಟ್ಟಿದ. ಒಂದು ಸಂದಿಯನ್ನೂ ಬಿಡಬೇಡ ಭಾವ ಎಂದು ಸುಹೈಲ್ ಹೇಳಬೇಕಾಗಲಿಲ್ಲ.

"ಮರಿಗಳು ಹಸ್ಕೊಂಡು ಬಂದಾವು" ಎಂದ ಮಹಾದ್ ತಾನಾಗಿಯೇ. ಆಮೇಲೆ ಕೈ ತೊಳೆದು, ಅಮ್ಮನ ಹಣೆಗೆ ಮುತ್ತಿಟ್ಟು, ಸುಹೈಲ್‌ನ ಜೀಪಿನಲ್ಲಿ ಹೋಗಿ ಕೂತ.

ಆ ಸಂಜೆ ಯಾರೂ ಹಾಲು ಕರೆಯಲಿಲ್ಲ. ಕರುವಿದ್ದ ಹಸುಗಳಿಗೆ ತುಫೂಲ್ ಕರು ಬಿಟ್ಟಳು. ಕರು ಕಳೆದುಕೊಂಡಿದ್ದ ಇನ್ನೆರಡು ಹಸುಗಳು ರಾತ್ರಿಯೆಲ್ಲ ಕೂಗಿದವು. ಬೆಳಗಿನ ಹೊತ್ತಿಗೆ ಅವು ಕೆಚ್ಚಲು ಬಿಗಿದು, ಹಿಂಗಾಲು ಅಗಲಿಸಿ, ನಡೆಯಲಾಗದೆ ನಿಂತಿದ್ದವು. ಅವಳು ಅವುಗಳ ಪಕ್ಕ ಕೈ ಕಟ್ಟಿಕೊಂಡು ನಿಂತಿದ್ದಳು.

ಸುಹೈಲ್ ಒಬ್ಬನೇ ಮರಳಿದ. ಸಲಾಂ ಹೇಳಿದ. ಕೈ ತೊಳೆದುಕೊಂಡು ಎರಡೂ ಹಸುಗಳನ್ನು ಕರೆದ. ನೋವು ಇಳಿದಂತೆ ಅವು ಮೆಲುಕು ಹಾಕತೊಡಗಿದವು. ಬಟ್ಟಲು ತುಂಬಿ ಅತ್ತೆಯ ಮುಂದೆ ಹಿಡಿದ. ನಮ್ಮಲ್ಲಿ ಹಾಲು ಕರೆದವನು ತಾನೇ ಮೊದಲು ಕುಡಿಯುವಂತಿಲ್ಲ, ಇನ್ನೊಬ್ಬರು ಬಾಯಿಗಿಡಬೇಕು. ನೆಲಕ್ಕೆ ಚೆಲ್ಲುವಂತೆಯೂ ಇಲ್ಲ.

ತುಫೂಲ್ ಒಳಗೆ ಹೋಗಿ ಬಟ್ಟೆಗಳನ್ನು ಗಂಟು ಕಟ್ಟತೊಡಗಿದಳು. ಅವನು ಬಟ್ಟಲು ಹಿಡಿದು ಹೊಸ್ತಿಲಲ್ಲಿ ನಿಂತೇ ಇದ್ದ. ನೊರೆ ಇಳಿದು, ಹಾಲಿನ ಮೇಲೆ ತೆಳ್ಳಗೆ ಕೆನೆ ಕಟ್ಟಿತು.