ಹುಟ್ಟುಮಚ್ಚೆ, ಅಪಾಯವಿಲ್ಲ

"ಬೆಂದಿದ್ದು ಅಂತ ಬರೆದುಕೊಡಿ, ಅಷ್ಟು ಸಾಕು," ಎನ್ನುತ್ತ ಆ ಹೆಂಗಸು ಪ್ರಯೋಗಾಲಯದ ಕಿಟಕಿಯೊಳಗೆ ತಲೆ ತೂರಿಸಿದರು. "ಹತ್ತು ದಿನದ ಕೂಸಿಗೆ ಕುದಿಯೋ ನೀರು ಹುಯ್ದಿದ್ದಾಳೆ ನನ್ನ ಸೊಸೆ. ಮೈಯೆಲ್ಲ ಬೊಬ್ಬೆ. ಇನ್ನು ಮಗು ಅವಳ ಕೈಗೆ ಕೊಡೋದಿಲ್ಲ. ಬಟ್ಟೆ ಕಟ್ಟಿಟ್ಟಿದ್ದೀನಿ, ನಿಮ್ಮ ಕಾಗದ ಬಂದ ಕೂಡಲೇ ತವರಿಗೆ ಕಳಿಸ್ತೀನಿ."

ಕಿಟಕಿಯ ಒಳಗೆ ಕೂತಿದ್ದವಳನ್ನು ಆಸ್ಪತ್ರೆಯಲ್ಲಿ ಎಲ್ಲರೂ ಬ್ಲೇಡಕ್ಕ ಎನ್ನುತ್ತಾರೆ. ರೋಗಿಯ ಮೈಯಿಂದ ತೆಗೆದ ಚೂರನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಸೀಳಿ, ಗಾಜಿನ ಮೇಲೆ ಹರಡಿ ಬಣ್ಣ ಹಾಕುವುದು ಮೂವತ್ತೊಂದು ವರ್ಷದಿಂದ ಅವಳ ಕೆಲಸ. ನೋಡಿ ಹೇಳುವುದು ದೊಡ್ಡ ಡಾಕ್ಟರ ಕೆಲಸ. ಆದರೆ ಬಣ್ಣ ಹಿಡಿದಿದೆಯೇ ಎಂದು ಮೊದಲು ಸೂಕ್ಷ್ಮದರ್ಶಕಕ್ಕೆ ಕಣ್ಣಿಡುವವಳು ಅವಳೇ. ಈ ಕೂಸಿನ ಚರ್ಮವನ್ನೂ ಬೆಳಿಗ್ಗೆಯೇ ನೋಡಿದ್ದಳು.

"ಮನೇಲಿ ಯಾರಿಗಾದ್ರೂ ಚರ್ಮದ ತೊಂದರೆ ಇತ್ತಾ ಅಮ್ಮ?"

"ನಮ್ಮ ವಂಶದಲ್ಲಾ?" ಅತ್ತೆಯ ಮುಖ ಗಂಟಾಯಿತು. "ನನ್ನ ಮಗನ ತೋಳಲ್ಲಿ ಒಂದು ಒರಟು ಗೆರೆ ಇದೆ, ಅಷ್ಟೇ. ಅವನು ಒಂಬತ್ತು ವರ್ಷದವನಿದ್ದಾಗ ಇಲ್ಲೇ ಪರೀಕ್ಷೆ ಮಾಡಿಸಿದ್ವಿ. ಏನೂ ಅಲ್ಲ ಅಂತ ನಿಮ್ಮವರೇ ಬರೆದಿದ್ದಾರೆ, ನೋಡಿ."

ಪ್ಲಾಸ್ಟಿಕ್ ಹಾಳೆಯೊಳಗೆ ಹಳದಿ ತಿರುಗಿದ ಕಾಗದ. ಹುಟ್ಟುಮಚ್ಚೆ, ಅಪಾಯವಿಲ್ಲ. ಎರಡೇ ಮಾತು. ಕೆಳಗೆ ದೊಡ್ಡ ಡಾಕ್ಟರ ಸಹಿ, ಅವರಿನ್ನೂ ದೊಡ್ಡವರಾಗುವ ಮುಂಚಿನದು. ಬ್ಲೇಡಕ್ಕ ಕಾಗದದ ಮೇಲಿನ ಸಂಖ್ಯೆಯನ್ನು ಅಂಗೈಯಲ್ಲಿ ಗೀಚಿಕೊಂಡು, ಮಧ್ಯಾಹ್ನ ತಾನೇ ವಾರ್ಡಿಗೆ ಬರುವುದಾಗಿ ಹೇಳಿದಳು.

ಹಳೆಯ ಗಾಜುಗಳು ಕಬ್ಬಿಣದ ಬೀರುವಿನಲ್ಲಿ ವರ್ಷವಾರು ನಿಂತಿದ್ದವು. ಬೇಕಾದದ್ದು ಐದೇ ನಿಮಿಷದಲ್ಲಿ ಸಿಕ್ಕಿತು. ಸಂಖ್ಯೆ ಬರೆದಿದ್ದ ಕೈ ಅವಳದೇ. ಒರೆಸಿ, ಕೂಸಿನ ಗಾಜಿನ ಪಕ್ಕದಲ್ಲಿಟ್ಟು, ಒಂದಾದ ಮೇಲೆ ಒಂದನ್ನು ನೋಡಿದಳು. ಸುಟ್ಟ ಚರ್ಮವನ್ನು ಅವಳು ಬೇಕಾದಷ್ಟು ಕಂಡಿದ್ದಾಳೆ, ಅದು ಕಲಸಿಹೋಗಿರುತ್ತದೆ. ಇಲ್ಲಿ ಕಲಸಿದ್ದೇನಿಲ್ಲ. ಎರಡರಲ್ಲೂ ಮೇಲ್ಪದರ ದಪ್ಪ, ಅದರ ಕೆಳಗೆ ಜೀವಕೋಶಗಳು ಉಬ್ಬಿ, ಹುಳು ಹೊಡೆದ ಮರದಂತೆ ತೂತು ತೂತು, ನಡುವೆ ಕಪ್ಪು ಕಾಳುಗಳು. ತಂದೆಯದು ಯಾವುದು, ಮಗುವಿನದು ಯಾವುದು ಎಂದು ಬದಿಯ ಸಂಖ್ಯೆ ನೋಡಿಯೇ ಹೇಳಬೇಕು.

ಇಪ್ಪತ್ತೈದು ವರ್ಷದ ಹಿಂದಿನ ಮಾತು ನೆನಪಾಗಿ ಅವಳಿಗೆ ಮೈ ಉರಿಯಿತು. ಅಂದು ಇದೇ ಗಾಜು ಹಿಡಿದು, "ಸಾರ್, ಇಲ್ಲಿ ತೂತು ತೂತಾಗಿದೆ," ಎಂದಿದ್ದಳು. "ನೀನು ಕತ್ತರಿಸು, ನೋಡೋಕೆ ನಾನಿದ್ದೀನಿ," ಎಂದಿದ್ದರು ಡಾಕ್ಟರು. ಅವಳು ಬಾಯಿ ಮುಚ್ಚಿಕೊಂಡು ಹೋಗಿ ಮುಂದಿನ ಚೂರು ಕತ್ತರಿಸಿದ್ದಳು.

ಇಂದು ಎರಡೂ ಗಾಜುಗಳನ್ನು ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ನೋಡಿದರು, ಕನ್ನಡಕ ತೆಗೆದು ಒರೆಸಿದರು, ಇನ್ನೊಮ್ಮೆ ನೋಡಿದರು.

"ಮಗುವಿಗೆ ಹುಟ್ಟಿನಿಂದ ಬಂದಿದ್ದು ಅಂತ ಬರೀತೀನಿ, ಬಿಡು. ಹಳೇದನ್ನ ಯಾಕೆ ಕೆದಕ್ತೀಯ?"

"ಹುಟ್ಟಿನಿಂದ ಅಂದ್ರೆ ಹೆತ್ತವಳದೇ ದೋಷ ಅಂತಾರೆ. ಇಷ್ಟು ದಿನ ನೀರಿನ ನೆಪ, ಇನ್ನು ಅವಳ ಬಸಿರಿನ ನೆಪ ಹಿಡ್ಕೋತಾರೆ. ಇದು ಎಲ್ಲಿಂದ ಬಂತು ಸಾರ್?"

"ತಂದೆಯಿಂದ. ಇಂಥ ಗೆರೆ ಮಚ್ಚೆ ಇದ್ದವರ ಮಕ್ಕಳಿಗೆ ಒಮ್ಮೊಮ್ಮೆ ಮೈಯೆಲ್ಲ ಬರುತ್ತೆ."

"ಅವತ್ತೇ ಬರೀಬಹುದಿತ್ತು."

"ಒಂಬತ್ತು ವರ್ಷದ ಹುಡುಗನ ಕಾಗದದಲ್ಲಿ ಅವನ ಮಕ್ಕಳ ವಿಷಯ ಬರೀಬೇಕಿತ್ತಾ?"

"ಹುಡುಗ ಹುಡುಗನಾಗೇ ಇರ್ತಾನಾ?" ಬ್ಲೇಡಕ್ಕ ಹೋಗಿ ಬಾಗಿಲಿಗೆ ಅಡ್ಡ ನಿಂತಳು. "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ, ನೀವು ಬಿಟ್ಟ ಒಂದು ಸಾಲಿಗೆ ಆ ಹುಡುಗಿ ಮಗು ಬಿಟ್ಟು ಹೋಗ್ತಿದ್ದಾಳೆ. ನಾನೂ ಅವತ್ತು ಸುಮ್ಮನಿದ್ದೆ. ಎರಡು ಗಾಜಿನ ಸಂಖ್ಯೆನೂ ಹಾಕಿ ಬರೀರಿ. ಬರೆಯೋವರೆಗೂ ನಾನು ಇಲ್ಲಿಂದ ಕದಲಲ್ಲ."

ಡಾಕ್ಟರು ಬಾಗಿಲ ಕಡೆ ನೋಡಿದರು. ಅವಳು ಬಾಗಿಲಲ್ಲೇ ನಿಂತಿದ್ದಳು. ಕಡೆಗೆ ಪೆನ್ನು ತೆಗೆದರು.

ವಾರ್ಡಿನಲ್ಲಿ ಕಟ್ಟಿಟ್ಟ ಚೀಲ ಮಂಚದ ಕಾಲಿಗೆ ಒರಗಿತ್ತು. ಸೊಸೆ ತೊಟ್ಟಿಲಿಂದ ದೂರ, ಗೋಡೆ ಬದಿಯ ಸ್ಟೂಲಿನಲ್ಲಿ ಕೂತಿದ್ದಳು. ಹಾಲಿನಿಂದ ರವಿಕೆ ಒದ್ದೆಯಾಗಿತ್ತು. ತೊಟ್ಟಿಲಿಗೂ ಅವಳಿಗೂ ನಡುವೆ ಅತ್ತೆ. ಉದ್ದ ತೋಳಿನ ಅಂಗಿ ತೊಟ್ಟ ಗಂಡ ಕಿಟಕಿಯ ಹೊರಗೆ ನೋಡುತ್ತಿದ್ದ.

ಬ್ಲೇಡಕ್ಕ ಕಾಗದವನ್ನು ಯಾರ ಕೈಗೂ ಕೊಡದೆ ತಾನೇ ಓದಿದಳು. ಇದು ಸುಟ್ಟ ಗಾಯವಲ್ಲ. ಸ್ನಾನದ ನೀರಿಗೂ ಇದಕ್ಕೂ ಸಂಬಂಧವಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ತಂದೆಯ ತೋಳಿನಿಂದ ತೆಗೆದ ಚೂರಿನಲ್ಲಿಯೂ ಇದೇ ರಚನೆ ಇದೆ, ಅಂದಿನ ವರದಿಯಲ್ಲಿ ಅದನ್ನು ಬರೆದಿರಲಿಲ್ಲ.

"ಅದು ಬರೀ ಮಚ್ಚೆ," ಎಂದರು ಅತ್ತೆ. "ಅಪಾಯವಿಲ್ಲ ಅಂತ ಇದೆ. ನನ್ನ ಹತ್ರ ಕಾಗದ ಇದೆ."

"ನಿಮ್ಮ ಮಗನಿಗೆ ಅಪಾಯ ಆಗಲಿಲ್ಲಮ್ಮ. ನಿಮ್ಮ ಸೊಸೆಗಾಯ್ತು."

ಗಂಡ ಕಿಟಕಿ ಬಿಟ್ಟು ಬಂದ. ಅಮ್ಮನನ್ನು ಬಳಸಿ ಹೋಗಿ ಕೂಸನ್ನು ಬಟ್ಟೆ ಸಮೇತ ಎತ್ತಿ ಹೆಂಡತಿಯ ಮಡಿಲಲ್ಲಿಟ್ಟ. ಅವಳು ಅವನ ಮುಖ ನೋಡಲಿಲ್ಲ. ಅವನು ಸ್ಟೂಲಿನ ಪಕ್ಕ ನೆಲದ ಮೇಲೆ ಕೂತು, ಮಣಿಕಟ್ಟಿನ ಗುಂಡಿ ಬಿಚ್ಚಿ, ಅಂಗಿಯ ತೋಳನ್ನು ಒಂದೊಂದೇ ಮಡಿಕೆ ಮೇಲಕ್ಕೆ ಮಡಚತೊಡಗಿದ.