ಗೋಡೆಯಾಚೆಯ ನಗು

ಮತ್ತೆ ವಾಲಿತು ಬೆಂಚು, ಆ ತುದಿಯಲ್ಲಿದ್ದ ಮುದುಕ ಎದ್ದುಹೋದ ಕೂಡಲೇ ಈ ತುದಿ ತಗ್ಗಿತು, ಒಂದು ಕಾಲು ಗಿಡ್ಡ ಇದರದ್ದು, ಇಪ್ಪತ್ತೆರಡು ವರ್ಷ ಇದೇ ಎಕ್ಸ್‌ರೇ ವಿಭಾಗದಲ್ಲಿ ಡಾಕ್ಟರಾಗಿದ್ದವನಿಗೆ ಅದು ಗೊತ್ತಾದದ್ದು ಇವತ್ತು, ರೋಗಿಗಳ ಬೆಂಚಿನ ಮೇಲೆ ಕೂರುವ ಗತಿ ಬಂದ ಮೇಲೆ — ಕೋಣೆಯ ಬೀಗದಕೈಯನ್ನು ಸೋಮವಾರವೇ ಇಸಿದುಕೊಂಡಿದ್ದಾರೆ, ಇನ್ನೆಲ್ಲಿ ಕೂರುವುದು, ನಿಂತರೆ ನರ್ಸುಗಳು ನೋಡುತ್ತಾರೆ, ಕೂತರೂ ನೋಡುತ್ತಾರೆ, ಅಗೋ ಅವಳು ಇವಳ ಕಿವಿಯಲ್ಲಿ ಏನೋ ಊದಿದಳು, ಊದಲಿ, ಸಿಟ್ಟು ಮಾಡಿಕೊಳ್ಳುವಷ್ಟು ಕಸುವೂ ಅವನಲ್ಲಿ ಉಳಿದಿಲ್ಲ. ಹನ್ನೊಂದಕ್ಕೆ ಎಂದಿದ್ದರು, ಹನ್ನೊಂದೂಕಾಲಾಯಿತು, ಎದುರಿನ ಬಾಗಿಲ ಹಿಂದೆ ವಿಚಾರಣೆಯ ಮೂವರು ಕೂತಿದ್ದಾರೆ, ಒಳಗೆ ಹೋದ ಚಹಾದ ಲೋಟಗಳು ಖಾಲಿಯಾಗಿ ಹೊರಗೆ ಬಂದವು. ಜೇಬಿನಲ್ಲಿ ಹಾಳೆಯಿದೆ. ದೊಡ್ಡ ಡಾಕ್ಟರೇ ಬರೆಸಿಕೊಟ್ಟದ್ದು, ಒಟ್ಟಿಗೆ ಓದಿದವನು, ಹಾಸ್ಟೆಲಿನಲ್ಲಿ ಇವನ ಚಪ್ಪಲಿ ಮೆಟ್ಟಿಕೊಂಡು ಓಡಾಡಿದವನು, ಈಗ ಇಡೀ ಆಸ್ಪತ್ರೆಗೆ ಯಜಮಾನ, ನೋಡಯ್ಯಾ, ಎಂದಿದ್ದ, ಸುಮ್ನೆ ಸಹಿ ಹಾಕು, ಹಾಳೇಲಿ ಏನಿದೆ, ವರದೀಲಿ ಬಂದ ಆ ಸಾಲು ನಾನು ಹೇಳಿದ್ದಲ್ಲ, ಟೈಪ್ ಮಾಡೋ ಹುಡುಗಿ ತಾನಾಗೇ ಸೇರಿಸಿದ್ದಾಳೆ ಅಂತ ಇದೆ, ಅಷ್ಟೇ, ರೆಕಾರ್ಡಿಂಗು ಶನಿವಾರವೇ ಅಳಿಸಿಹೋಗಿದೆ, ಅವಳು ಬಂದು ಮೂರು ವಾರ ಆಯ್ತು, ಕೆಲಸ ಇನ್ನೂ ಕಾಯಂ ಆಗಿಲ್ಲ, ಅವಳಿಗೆ ಇನ್ನೊಂದು ಕಡೆ ಸಿಗುತ್ತೆ, ನಿನಗೆ ಸಿಗುತ್ತಾ ಈ ವಯಸ್ಸಲ್ಲಿ, ಸಹಿ ಹಾಕ್ಲಿಲ್ವೋ ಅಮಾನತು, ಆಮೇಲೆ ವೈದ್ಯ ಮಂಡಳಿಗೆ ಹೆಸರು ಹೋಗುತ್ತೆ, ನನ್ನ ಕೈಲೂ ಏನಿರಲ್ಲ. ಸಹಿ. ಸಹಿಯಿಂದಲೇ ಅಲ್ಲವೇ ಇಷ್ಟೆಲ್ಲ ರಾಮಾಯಣ, ದಿನಕ್ಕೆ ನಲವತ್ತು ವರದಿ, ಸಂಜೆ ನಾಲ್ಕೂವರೆಗೆ ಕಟ್ಟು ಮುಂದೆ ಬಂದರೆ ಹಾಳೆಯ ಮೂಲೆ ಎತ್ತುವುದು, ಗೀಚುವುದು, ಮೂಲೆ ಎತ್ತುವುದು, ಗೀಚುವುದು, ಓದುವ ಅಗತ್ಯ ಒಂದು ದಿನವೂ ಬಿದ್ದಿರಲಿಲ್ಲ, ಗೋಡೆಯಾಚೆ ಹಳೆಯ ಟೈಪಿಸ್ಟಮ್ಮ ಇದ್ದಳು.

ಅವಳಿದ್ದಷ್ಟು ಕಾಲ ಎಲ್ಲ ಸುಸೂತ್ರ. ಕತ್ತಲ ಕೋಣೆಯಲ್ಲಿ ಫಿಲಂ ನೋಡುತ್ತ ಅವನು ರೆಕಾರ್ಡರಿಗೆ ಹೇಳುತ್ತಾನೆ, ಆಚೆ ಅವಳು ಹೆಡ್‌ಫೋನ್ ಕಿವಿಗೆ ಹಾಕಿಕೊಂಡು, ಕಾಲಲ್ಲಿ ಪೆಡಲ್ ಒತ್ತಿ ರೆಕಾರ್ಡಿಂಗು ಓಡಿಸಿ, ಕೇಳುತ್ತ ಟೈಪು ಹೊಡೆಯುತ್ತಾಳೆ, ಭುಜದ ಕೀಲು ಸಹಜ, ಮುರಿತ ಕಾಣುವುದಿಲ್ಲ, ತಲೆಬುರುಡೆ ಗಟ್ಟಿಯಾಗಿದೆ, ಒಳಗೆ ಮಾತ್ರ ಬಾಡಿಗೆಗೆ ಖಾಲಿ, ಮುಂದಿನದು. ಹತ್ತೊಂಬತ್ತು ವರ್ಷ ಹೀಗೆ, ಕುಂಟರು, ಕುಡುಕರು, ಗೂನುಬೆನ್ನಿನವರು, ಯಾರನ್ನೂ ಬಿಟ್ಟವನಲ್ಲ, ಬಿಡಲಿ ಯಾಕೆ, ಕೇಳುವವಳು ಒಬ್ಬಳೇ, ಆಕೆ ಒಂದು ಸಾಲನ್ನೂ ಕಾಗದಕ್ಕೆ ಇಳಿಸಿದವಳಲ್ಲ. ಗೋಡೆಯಾಚೆ ಟಕಟಕ ಟಕಟಕ, ಇದ್ದಕ್ಕಿದ್ದಂತೆ ನಿಲ್ಲುತ್ತಿತ್ತು, ಹತ್ತು ಎಣಿಸುವಷ್ಟು ಹೊತ್ತು ಸದ್ದಿಲ್ಲ, ಓಹೋ ಅಲ್ಲಿಗೆ ಬಂದಳು, ಬಾಯಿಗೆ ಕೈ ಅಡ್ಡ ಹಿಡಿದು ನಗ್ತಿದ್ದಾಳೆ, ಎಂದುಕೊಂಡು ಅವನೂ ಕತ್ತಲಲ್ಲಿ ಒಬ್ಬನೇ ಹಲ್ಲು ಕಿರಿಯುತ್ತಿದ್ದ, ಇಡೀ ದಿನದಲ್ಲಿ ಅದೊಂದು ಸುಖ. ಆಮೇಲೆ ಅವಳು ನಿವೃತ್ತಳಾದಳು. ಹೂಗುಚ್ಛ ಕೊಟ್ಟವನು ಅವನೇ. ಹೊಸ ಹುಡುಗಿಗೆ ಆಫೀಸಿನವರು ಕಟ್ಟುನಿಟ್ಟಾಗಿ ಹೇಳಿದ್ದರಂತೆ, ಡಾಕ್ಟ್ರು ಹೇಳಿದ್ದರಲ್ಲಿ ಒಂದಕ್ಷರ ಬಿಡಬೇಡ, ಒಂದಕ್ಷರ ಸೇರಿಸಬೇಡ. ಎರಡು ವಾರ ಅವನೂ ನಾಲಿಗೆ ಬಿಗಿಹಿಡಿದಿದ್ದ, ಮೂರನೆಯ ವಾರ ಮಂಗಳವಾರ ಮಧ್ಯಾಹ್ನ, ಊಟದ ಮಂಪರು, ಮೂವತ್ತೊಂದನೆಯ ಫಿಲಂ, ಆಚೆ ಯಾರಿದ್ದಾರೆ ಯಾರಿಲ್ಲ ಎಂಬ ಗಮನವೂ ಇಲ್ಲದೆ ನಾಲಿಗೆ ಹಳೆಯ ದಾರಿ ಹಿಡಿಯಿತು. ಎಡ ಮಂಡಿಯ ಕೀಲು ಸವೆದಿದೆ, ಇದು ಹೆಂಗಸೋ ಎಮ್ಮೆಯೋ, ನಮ್ಮ ಮೇಜು ಮುರಿಯದೆ ಉಳಿದದ್ದೇ ದೊಡ್ಡದು, ಬಲ ಮಂಡಿ ಸಹಜ. ಹಾಗೇ ಬಂತು ವರದಿ, ಪೂರ್ಣವಿರಾಮ ಸಮೇತ, ಕೆಳಗೆ ಅವನ ಸಹಿ.

ರೀ, ಸಹಿ ಹಾಕಿಬಿಡಿ, ಎಂದಳು ಹೆಂಡತಿ ಬೆಳಿಗ್ಗೆ ಶರ್ಟಿಗೆ ಇಸ್ತ್ರಿ ಹಾಕುತ್ತ, ಯಾರೋ ಹುಡುಗಿಗೋಸ್ಕರ ನೀವ್ಯಾಕೆ ಮನೆಗೆ ಬಂದು ಕೂರಬೇಕು, ಕಾಲರು ತಿರುಗಿಸಿ ಇನ್ನೊಂದು ಸಲ ಒತ್ತಿದಳು, ಆಮೇಲೆ ತಲೆಯೆತ್ತದೆ, ನೀವು ಇಷ್ಟು ತಮಾಷೆಯ ಮನುಷ್ಯ ಅಂತ ಗೊತ್ತೇ ಇರ್ಲಿಲ್ಲ ಬಿಡಿ, ಮನೇಲಿ ಒಂದು ದಿನ ನಗ್ಸಿದ್ದು ನಾ ಕಾಣೆ. ಅವನು ಶರ್ಟಿಗೆ ಕೈ ಚಾಚಿದ, ಸುಸ್ತು, ಇಡೀ ವಾರ ನಿದ್ದೆಯಿಲ್ಲದ ಸುಸ್ತು, ಅದಕ್ಕಿಂತ ನಿನ್ನೆ ಸಂಜೆಯ ಫೋನಿನದು. ಟೈಪಿಸ್ಟಮ್ಮಾ, ನೀವೊಂದು ಸಲ ಬಂದು ಹೇಳಿ, ಅದು ನಮ್ಮಿಬ್ಬರ ನಡುವಿನ ಹಳೇ ತಮಾಷೆ, ನೀವು ನಗ್ತಿದ್ರಿ, ಯಾರಿಗೂ ಕೇಡು ಬಗೆದದ್ದಲ್ಲ ಅಂತ — ಆ ಕಡೆ ಕುಕ್ಕರು ಕೂಗಿತು, ಇರಿ ಎಂದು ಹೋಗಿ ಒಲೆ ಆರಿಸಿ ಬಂದಳು — ನಾನ್ಯಾವಾಗ ನಕ್ಕೆ ಡಾಕ್ಟ್ರೇ. ನಿಲ್ತಿತ್ತಲ್ಲಮ್ಮಾ ಟೈಪಿಂಗು, ನಂಗೆ ಕೇಳ್ತಿತ್ತು. ನಿಲ್ತಿತ್ತು, ನಿಮ್ಮ ಮಾತು ಶುರುವಾದ್ರೆ ಎರಡೂ ಕೈ ತೆಗೆದು ಮಡಿಲಲ್ಲಿ ಇಟ್ಕೊಂಡು ಕೂತಿರ್ತಿದ್ದೆ, ಮುಗೀಲಿ ಅಂತ. ಹೇಳಬಹುದಿತ್ತಲ್ಲ ನಂಗೆ. ಹೇಗೆ ಹೇಳೋದು, ನೀವು ಡಾಕ್ಟ್ರು. ಒಂದ್ಸಲ ನಮ್ಮಮ್ಮನ ಸೊಂಟದ ಫಿಲಂ ಬಂದಿತ್ತು ನಿಮ್ಮ ಹತ್ರ, ನಿಮಗೆ ಗೊತ್ತಿರ್ಲಿಲ್ಲ, ಅವತ್ತೂ ಹಾಗೇ ಕೂತಿದ್ದೆ. ಏನು ಹೇಳಿದ್ದನೋ ಆ ಸೊಂಟಕ್ಕೆ, ಎಷ್ಟು ಕೆದಕಿದರೂ ನೆನಪಿಲ್ಲ, ಕೈಗಳು ಮಾತ್ರ ಕಾಣುತ್ತವೆ, ಮಡಿಲಲ್ಲಿ ಎರಡು ಕೈ, ಹಲ್ಲುಜ್ಜುವಾಗ, ಬಸ್ಸಿನಲ್ಲಿ, ಈಗ ಇಲ್ಲಿ, ನಗುವೆಂದು ಎಣಿಸಿ ಅವನು ಹಲ್ಲು ಕಿರಿದ ಹತ್ತೊಂಬತ್ತು ವರ್ಷವೂ ಮಡಿಲಲ್ಲಿ ಎರಡು ಕೈ.

ಬೆಂಚು ಸಮವಾಯಿತು, ಆ ತುದಿಯಲ್ಲಿ ಒಬ್ಬಾಕೆ ಕೂತಿದ್ದಾಳೆ, ದೊಡ್ಡ ಮೈ, ಏದುಸಿರು, ಬೆರಳುಗಳ ತುದಿಯಲ್ಲೆಲ್ಲ ಸೂಜಿ ಚುಚ್ಚಿದ ಕಲೆ, ಹೊಲಿಗೆಯ ಕೆಲಸವಿರಬೇಕು, ಎಡಗಾಲನ್ನು ಮಡಿಸಲಾರದೆ ನೆಟ್ಟಗೆ ಮುಂದೆ ಚಾಚಿದಾಗಲೇ ಅವನಿಗೆ ಗೊತ್ತಾಯಿತು, ಆ ಕೀಲಿನ ಸವೆತ ಅವನಿಗೆ ಬಾಯಿಪಾಠ, ಮುಖ ನೋಡುತ್ತಿರುವುದು ಇದೇ ಮೊದಲು. ನಿಮ್ದೂ ಮಂಡಿನಾ ಅಣ್ಣಾ. ಅವನು ತಲೆ ಅಲ್ಲಾಡಿಸಿದ, ಹೌದೆಂದೋ ಅಲ್ಲವೆಂದೋ. ನನ್ನ ಒಳಗೆ ಕರೀತಾರಂತೆ, ಎಂದಳು, ಕೈಯಲ್ಲಿ ವರದಿ, ಅಳಿಯನಿಗೆ ಓದಪ್ಪಾ ಅಂತ ಕೊಟ್ಟೆ, ಓದ್ತಾ ಓದ್ತಾ ನಿಲ್ಲಿಸ್ಬಿಟ್ಟ, ಯಾಕೋ ಅಂದ್ರೆ ಕಣ್ಣೆತ್ತಲಿಲ್ಲ, ನಾನೇ ಇಸ್ಕೊಂಡು ಓದ್ಕೊಂಡೆ, ದೂರು ಕೊಟ್ಟೆ. ಆ ಟೈಪಿನ ಹುಡುಗಿ ನಿನ್ನೆ ಮನೆಗೆ ಬಂದು ಅತ್ತಳು ಅಣ್ಣಾ, ಕೇಳಿದ್ದನ್ನೇ ಹೊಡೆದೆ ಅಮ್ಮಾ ಅಂತ. ನಾನು ಬೈದು ಕಳಿಸ್ದೆ. ಓದಿದ ಡಾಕ್ಟ್ರು ಅಂಥ ಮಾತಾಡ್ತಾರಾ, ನೀವೇ ಹೇಳಿ. ಬಾಗಿಲು ತೆರೆಯಿತು, ಜವಾನ ತಲೆ ಹಾಕಿ, ಡಾಕ್ಟ್ರೇ ಬನ್ನಿ, ಎಂದ, ಆಕೆ ತಿರುಗಿ ನೋಡಿದಳು, ಯಾವ ಡಾಕ್ಟರೆಂದು. ಜೇಬಿನಲ್ಲಿ ಹಾಳೆ, ಪೆನ್ನು, ಹತ್ತು ಹೆಜ್ಜೆಯಾಚೆ ಬಾಗಿಲು, ಎದ್ದುಹೋದರೆ ಮುಗಿಯಿತು — ಆ ಹುಡುಗಿ ಸುಳ್ಳು ಹೇಳಿಲ್ಲಮ್ಮಾ, ಹೇಳಿದ್ದು ನಾನು, ಒಳಗೂ ಅದನ್ನೇ ಹೇಳ್ತೀನಿ. ಆಡಿಯಾಯಿತು, ಕೆಲಸ ಹೋಯಿತು, ಹೋಗಲಿ, ಅಲ್ಲಿಗೆ ಬಾಯಿ ಮುಚ್ಚಬೇಕಿತ್ತು, ಮುಚ್ಚಲಿಲ್ಲ, ನಾನು ನಿಮ್ಮನ್ನ ನೋಡೇ ಇರ್ಲಿಲ್ಲಮ್ಮಾ, ಬರೀ ಫಿಲಂ, ಅಲ್ಲಿ ಎಲ್ಲರೂ ದಪ್ಪಗೇ ಕಾಣ್ತಾರೆ, ನನ್ನದು ತೆಗೆದ್ರೆ ನಾನೂ ಎಮ್ಮೆಯೇ, ಹೆಹ್ಹೆ, ಸುಮ್ನೆ ತಮಾಷೆಗೆ ಅಂತ — ಆಕೆ ವರದಿಯನ್ನು ಮಡಿಸಿದಳು, ಚೀಲದೊಳಗೆ ಇಟ್ಟಳು, ಮುಖವನ್ನು ಎದುರು ಗೋಡೆಗೆ ತಿರುಗಿಸಿದಳು, ಜವಾನ ಇನ್ನೊಂದು ಸಲ ಕರೆದ, ಇವನ ಬಾಯಿ ಇನ್ನೂ ಏನೋ ಆಡುತ್ತಿತ್ತು, ಮತ್ತು ಆಕೆ ಎರಡೂ ಕೈಗಳನ್ನು ಮೆಲ್ಲಗೆ ಮಡಿಲಲ್ಲಿ ಇಟ್ಟುಕೊಂಡಳು, ಮಡಿಲಲ್ಲಿ ಎರಡು ಕೈ, ಎರಡು ಕೈ, ಮುಗಿಯಲಿ ಎಂದು.